ಹಳೆಯ ಬಂದೂಕಿನ ಬಾಯಿ ಓದುವ ಬಗೆ

ಚುನಾವಣೆ ಘೋಷಣೆಯಾದ ಕೂಡಲೇ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಳ್ಳಿಗಳಲ್ಲಿ ಹಳೆಯ ಬಂದೂಕುಗಳು ಮನೆಯಿಂದ ಹೊರಗೆ ಬರುತ್ತವೆ. ಬೆಳೆ ಕಾಯಲೆಂದು ಅಪ್ಪನೋ ಅಜ್ಜನೋ ಪರವಾನಗಿ ಪಡೆದು ಇಟ್ಟುಕೊಂಡ ಬಂದೂಕುಗಳು ಅವು. ಅವನ್ನು ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಯ್ದು ಒಪ್ಪಿಸುತ್ತಾರೆ. ಅಲ್ಲಿ ಬಂದೂಕಿನ ನಂಬರು ಬರೆದುಕೊಳ್ಳುತ್ತಾರೆ. ಹನ್ನೆರಡು ಬೋರ್ ಎಂದು ಬರೆಯುತ್ತಾರೆ. ಒಂಟಿ ನಳಿಗೆಯೋ ಜೋಡಿ ನಳಿಗೆಯೋ ಎಂದು ಬರೆಯುತ್ತಾರೆ. ಚೀಟಿ ಕೊಡುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು.

ಆದರೆ ಆ ನಳಿಗೆಯ ತುದಿಯಲ್ಲಿ, ಅಂದರೆ ಬಂದೂಕಿನ ಬಾಯಿಯಲ್ಲಿ, ಏನಿದೆ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಮನೆಯವರಿಗೂ ಬಹಳ ಸಲ ಉತ್ತರ ಗೊತ್ತಿರುವುದಿಲ್ಲ. ಇವತ್ತಿನ ಮಾತು ಅದೊಂದರ ಬಗ್ಗೆಯೇ. ಹಳೆಯ ಚರೆ ಬಂದೂಕಿನ ಬಾಯಿಯನ್ನು ಓದುವುದು ಹೇಗೆ? ಅದರಲ್ಲೂ, ತಿರುಗಿಸಿ ಬಿಗಿಮಾಡುವ, ಸಡಿಲಿಸುವ ಬಾಯಿ ಇದ್ದರೆ ಅದನ್ನು ಗುರುತಿಸುವುದು ಹೇಗೆ? ಬಂದೂಕು ಬಲ್ಲವರು ಇದನ್ನು ಚೋಕ್ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಮೊದಲು ಚೋಕ್ ಎಂದರೇನು ಎಂದು ತಿಳಿಯೋಣ. ಚರೆ ಬಂದೂಕಿನ ನಳಿಗೆ ಒಳಗೆ ನುಣುಪಾಗಿರುತ್ತದೆ. ಒಂದು ತೋಟಾದಲ್ಲಿ ನೂರಾರು ಸೀಸದ ಚರೆಗಳಿರಬಹುದು. ಬಾಯಿಯಿಂದ ಹೊರಬಿದ್ದ ಕೂಡಲೇ ಅವು ಹರಡತೊಡಗುತ್ತವೆ. ದೂರ ಹೋದಷ್ಟೂ ಹರವು ಹೆಚ್ಚುತ್ತದೆ. ಈ ಹರವನ್ನು ಹಿಡಿತದಲ್ಲಿಡಲು ನಳಿಗೆಯ ಕೊನೆಯ ಕೆಲವು ಸೆಂಟಿಮೀಟರ್ ಭಾಗವನ್ನು ಒಳಗಿನಿಂದ ತುಸು ಕಿರಿದು ಮಾಡುತ್ತಾರೆ. ಆ ಕಿರಿದಾದ ಭಾಗವೇ ಚೋಕ್.

ಎಷ್ಟು ಕಿರಿದು? ಹನ್ನೆರಡು ಬೋರಿನ ನಳಿಗೆಯ ಒಳ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರ್. ಬಾಯಿಯಲ್ಲಿ ಒಂದು ಮಿಲಿಮೀಟರಿನಷ್ಟು ಕಿರಿದಾಗಿದ್ದರೆ ಅದು ಫುಲ್ ಚೋಕ್. ಅರ್ಧ ಮಿಲಿಮೀಟರ್ ಆದರೆ ಹಾಫ್ ಚೋಕ್. ಏನೂ ಕಿರಿದಾಗದೆ ನೇರ ಇದ್ದರೆ ಸಿಲಿಂಡರ್. ಇಷ್ಟು ಸಣ್ಣ ಅಂತರ ಏನು ಮಾಡೀತು ಎನಿಸಬಹುದು. ಲೆಕ್ಕ ಕೇಳಿ. ನಲವತ್ತು ಗಜ ದೂರದಲ್ಲಿ ಮುಕ್ಕಾಲು ಮೀಟರ್ ಅಗಲದ ಒಂದು ವೃತ್ತ ಎಂದುಕೊಳ್ಳಿ. ಸಿಲಿಂಡರ್ ನಳಿಗೆಯಿಂದ ಹಾರಿಸಿದರೆ ನೂರಕ್ಕೆ ಸುಮಾರು ನಲವತ್ತು ಚರೆ ಆ ವೃತ್ತದೊಳಗೆ ಬೀಳುತ್ತವೆ. ಹಾಫ್ ಚೋಕ್ ಆದರೆ ಅರವತ್ತು. ಫುಲ್ ಚೋಕ್ ಆದರೆ ಎಪ್ಪತ್ತು. ಒಂದು ಮಿಲಿಮೀಟರಿನ ಕೆಲಸ ಅಷ್ಟು ದೊಡ್ಡದು.

ಈ ವಿದ್ಯೆ ನೂರೈವತ್ತು ವರ್ಷಕ್ಕೂ ಹಳೆಯದು. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಪೇಪ್ ಎಂಬ ಬಂದೂಕು ತಯಾರಕ 1866ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1875ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಗ್ರೀನರ್ ಇದನ್ನು ಮನೆಮಾತಾಗಿಸಿದ. ಬೇಕಾದಾಗ ಬದಲಿಸಬಲ್ಲ ಚೋಕಿನ ಯೋಚನೆಯೂ ಅಷ್ಟೇ ಹಳೆಯದು. ಅಮೆರಿಕದ ರೋಪರ್ ಎಂಬಾತ 1868ರಲ್ಲೇ ಬಾಯಿಗೆ ತಿರುಗಿಸಿ ಹಾಕುವ ಚೋಕಿಗೆ ಪೇಟೆಂಟ್ ಪಡೆದಿದ್ದ.

ನಮ್ಮ ಸೀಮೆಗೂ ಬಂದೂಕು ಹೊಸದಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಕೋವಿಕಾರರು ಅವನ ಕಡೆ ಇದ್ದರು. ಆಮೇಲೆ ನಿಜಾಮರ ಕಾಲದಲ್ಲಿ ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡಿನ ಊರಾಗಿತ್ತು.

ಈವರೆಗೆ ಹೇಳಿದ್ದು ಇಷ್ಟು. ಚೋಕ್ ಎಂದರೆ ಬಾಯಿಯ ಕಿರಿದು. ಅದು ಚರೆಯ ಹರವನ್ನು ಹಿಡಿಯುತ್ತದೆ. ಇನ್ನು ಗುರುತಿಸುವ ಕೆಲಸಕ್ಕೆ ಬರೋಣ. ಅದಕ್ಕೂ ಮುಂಚೆ ಒಂದು ಮಾತು.

ಯಾವ ಬಂದೂಕನ್ನೇ ಆಗಲಿ, ತುಂಬಿದೆ ಎಂದೇ ತಿಳಿದು ಮುಟ್ಟಿ. ಮೊದಲು ಬಂದೂಕನ್ನು ತೆರೆಯಿರಿ. ಪ್ರತಿ ನಳಿಗೆಯ ಬುಡದಲ್ಲಿ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಸಾಧ್ಯವಿದ್ದರೆ ನಳಿಗೆಯನ್ನು ಮರದ ಹಿಡಿಕೆಯಿಂದ ಬಿಡಿಸಿ ಇಡಿ. ಆಮೇಲೆ ಬುಡದ ಕಡೆಯಿಂದ ಬೆಳಕಿನತ್ತ ನೋಡಿ. ಬಾಯಿಯ ಕಡೆಯಿಂದ ಎಂದೂ ಇಣುಕಬೇಡಿ. ಮಕ್ಕಳು ಹತ್ತಿರ ಇರಬಾರದು. ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರೇ ಈ ಕೆಲಸ ಮಾಡಬೇಕು.

ಈಗ ಮೊದಲನೆಯ ಗುರುತು. ನಳಿಗೆ ಎಷ್ಟಿವೆ, ಎಣಿಸಿ.

ಜೋಡಿ ನಳಿಗೆ ಅಕ್ಕಪಕ್ಕ ಇದ್ದರೆ, ಅದರ ಚೋಕ್ ಬಹುಮಟ್ಟಿಗೆ ಕಾರ್ಖಾನೆಯಲ್ಲೇ ಕೊರೆದ ಸ್ಥಿರ ಚೋಕ್. ಅದನ್ನು ತಿರುಗಿಸಲಾಗದು. ಎರಡು ನಳಿಗೆಗಳು ಬಾಯಿಯಲ್ಲಿ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ದಪ್ಪನೆಯ ತಿರುಗುವ ಉಂಗುರ ಕೂರಿಸಲು ನಡುವೆ ಜಾಗವೇ ಇಲ್ಲ. ಹಳೆಯ ಪದ್ಧತಿಯಲ್ಲಿ ಬಲ ನಳಿಗೆಯ ಬಾಯಿ ಅಗಲ, ಎಡ ನಳಿಗೆಯದು ಕಿರಿದು. ಹತ್ತಿರದ ಗುರಿಗೆ ಬಲ, ದೂರದ ಗುರಿಗೆ ಎಡ. ಎರಡು ನಳಿಗೆ ಇರುವುದರಿಂದ ಎರಡು ಚೋಕ್ ಆಗಲೇ ಕೈಯಲ್ಲಿವೆ.

ಒಂಟಿ ನಳಿಗೆಯ ಬಂದೂಕಿಗೆ ಆ ಅನುಕೂಲವಿಲ್ಲ. ಅದಕ್ಕೆಂದೇ ಬದಲಿಸುವ ಚೋಕ್ ಹುಟ್ಟಿತು. ಅಮೆರಿಕದಲ್ಲಿ ಪಂಪ್ ಬಂದೂಕು, ಬೋಲ್ಟ್ ಬಂದೂಕು, ತಾನಾಗಿ ತೋಟಾ ಏರಿಸಿಕೊಳ್ಳುವ ಬಂದೂಕುಗಳು ಹೆಚ್ಚು. ಅವೆಲ್ಲ ಒಂದೇ ನಳಿಗೆಯವು. ಆದ್ದರಿಂದ ಬದಲಿಸುವ ಚೋಕ್ ಅಲ್ಲಿ ಹರಡಿತು. ನಮ್ಮ ಹೊಲಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಇಂಗ್ಲೆಂಡಿನ ಅಥವಾ ನಮ್ಮದೇ ದೇಶದ ಬಂದೂಕು. ಬಂಗಾಳದ ಇಚ್ಛಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯೂ ಹನ್ನೆರಡು ಬೋರ್ ಬಂದೂಕು ಮಾಡಿದೆ. ಹಾಗಾಗಿ ಬದಲಿಸುವ ಚೋಕ್ ನಮ್ಮಲ್ಲಿ ಅಪರೂಪ. ಅಪರೂಪವಾದ್ದರಿಂದಲೇ, ಅದು ಸಿಕ್ಕಾಗ ಇದೇನೋ ಮುರಿದ ಭಾಗವೆಂದೋ, ಮೇಲೆ ಸಿಕ್ಕಿಸಿದ ಆಭರಣವೆಂದೋ ತಪ್ಪು ತಿಳಿಯುತ್ತಾರೆ.

ಇಲ್ಲಿಯವರೆಗಿನ ಮಾತು ಹೀಗೆ. ಜೋಡಿ ನಳಿಗೆ ಇದ್ದರೆ ಬಹುಮಟ್ಟಿಗೆ ಸ್ಥಿರ ಚೋಕ್. ಒಂಟಿ ನಳಿಗೆ ಇದ್ದರೆ ಬಾಯಿಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ಎರಡನೆಯ ಗುರುತು ಅದೇ. ಬದಲಿಸುವ ಚೋಕಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೂರನ್ನೂ ಮಾತಿನಲ್ಲೇ ಕಟ್ಟಿಕೊಡುತ್ತೇನೆ. ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ.

ಮೊದಲನೆಯದು ತಿರುಗುವ ಉಂಗುರದ ಚೋಕ್. ಇದರಲ್ಲಿ ಬಹಳ ಹೆಸರಾದದ್ದು ಪಾಲಿ ಚೋಕ್. ಅಮೆರಿಕದ ಕನೆಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನದು. ನಳಿಗೆಯ ತುದಿಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಒಂದು ಗಡ್ಡೆ ಕೈಗೆ ತಾಕುತ್ತದೆ. ಅದರ ಹೊರಮೈ ತರಿತರಿ. ಬೆರಳು ಜಾರದಿರಲಿ ಎಂದು ಸಣ್ಣ ಸಣ್ಣ ಗೆರೆ ಕೊರೆದಿರುತ್ತಾರೆ. ಆ ಉಂಗುರದ ಸುತ್ತ ಇಂಗ್ಲಿಷಿನಲ್ಲಿ ಫುಲ್, ಮಾಡಿಫೈಡ್, ಇಂಪ್ರೂವ್ಡ್ ಸಿಲಿಂಡರ್ ಎಂಬಂಥ ಗುರುತುಗಳಿರುತ್ತವೆ. ಒಳಗೆ ನೋಡಿದರೆ ಬಾಯಿ ಒಂದೇ ತುಂಡಾಗಿರುವುದಿಲ್ಲ. ಉದ್ದುದ್ದ ಸೀಳಿ ಬೆರಳುಗಳಂತೆ ಮಾಡಿರುತ್ತಾರೆ. ಉಂಗುರವನ್ನು ಒಂದು ಕಡೆ ತಿರುಗಿಸಿದರೆ ಆ ಬೆರಳುಗಳು ಒಳಕ್ಕೆ ಒತ್ತುತ್ತವೆ, ಬಾಯಿ ಕಿರಿದಾಗುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಸಡಿಲಾಗುತ್ತದೆ. ಹತ್ತಿಗೋ ಭತ್ತಕ್ಕೋ ಔಷಧಿ ಹೊಡೆಯುವ ಪಂಪಿನ ನಾಝಲ್ ನಿಮಗೆ ಗೊತ್ತು. ತಿರುಗಿಸಿದಂತೆ ತುಂತುರು ಧಾರೆಯಾಗುತ್ತದೆ, ಧಾರೆ ತುಂತುರಾಗುತ್ತದೆ. ಕೆಲಸದ ರೀತಿ ಇದೂ ಅದೇ. ಮಾಸ್‌ಬರ್ಗ್ ಕಂಪನಿ ತನ್ನ ಬೋಲ್ಟ್ ಬಂದೂಕುಗಳಿಗೆ ಇಂಥದ್ದೇ ಒಂದನ್ನು ಕಾರ್ಖಾನೆಯಲ್ಲೇ ಕೂರಿಸಿತು. ಅದರ ಹೆಸರು ಸಿ-ಲೆಕ್ಟ್ ಚೋಕ್.

ಎರಡನೆಯದು ಸೀಳುಗಳಿರುವ ಕೊಳವೆಯ ಚೋಕ್. ಇದರಲ್ಲಿ ಹೆಸರಾದದ್ದು ಕಟ್ಸ್ ಕಾಂಪೆನ್ಸೇಟರ್. ಅಮೆರಿಕದ ಮರೀನ್ ದಳದ ಅಧಿಕಾರಿ ರಿಚರ್ಡ್ ಕಟ್ಸ್ ಇದನ್ನು ರೂಪಿಸಿದರು. ಥಾಮ್ಸನ್ ಸಬ್‌ಮಷಿನ್ ಗನ್ನಿನ ಬಾಯಿ ಮೇಲೇಳದಂತೆ ತಡೆಯಲು ಇದನ್ನು ಬಳಸಿದರು. ಚರೆ ಬಂದೂಕಿಗೆ ಹೊಂದುವ ರೂಪವನ್ನು ಲೈಮನ್ ಕಂಪನಿ ಮಾರಿತು. ಇದರಲ್ಲಿ ಎರಡು ಭಾಗ. ಹಿಂದಿನ ಭಾಗ ದಪ್ಪ ಕೊಳವೆ. ಅದರ ಮೈಮೇಲೆ ಅಡ್ಡ ಸೀಳುಗಳು. ಮದ್ದಿನ ಹೊಗೆ ಆ ಸೀಳುಗಳಿಂದ ಹೊರಹೋಗುತ್ತದೆ, ಭುಜಕ್ಕೆ ಬೀಳುವ ಒದೆ ಕಡಿಮೆಯಾಗುತ್ತದೆ. ಮುಂದಿನ ಭಾಗ ಬಿಚ್ಚಿ ತೆಗೆಯುವ ಸಣ್ಣ ನಳಿಕೆ. ಅದರ ಮೇಲೆ ಮೂರಂಕಿಯ ಸಂಖ್ಯೆ ಇರುತ್ತದೆ. 705 ಎಂದಿದ್ದರೆ, ಬಾಯಿಯ ಅಗಲ ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 705 ಪಾಲು. ಸಂಖ್ಯೆ ಸಣ್ಣದಾದಷ್ಟೂ ಬಾಯಿ ಕಿರಿದು. ವೀವರ್ ಎಂಬ ಕಂಪನಿಯ ಚೋಕೂ ಹೀಗೆ ನಳಿಕೆ ಬದಲಿಸುವ ಜಾತಿಯದು.

ಮೂರನೆಯದು ಒಳಗೆ ಕೂರುವ ನಳಿಕೆ. ಹೊರಗಿನಿಂದ ಏನೂ ಕಾಣದು. ಬಾಯಿಯ ಅಂಚಿನಲ್ಲಿ ಮಾತ್ರ ಸಣ್ಣ ಕಚ್ಚುಗಳಿರುತ್ತವೆ. ಕೀಲಿ ಹಾಕಿ ತಿರುಗಿಸಲು ಆ ಕಚ್ಚು. ಇದು ವಿಂಚೆಸ್ಟರ್ ಕಂಪನಿಯಿಂದಾಗಿ 1960ರ ದಶಕದಲ್ಲಿ ಬಳಕೆಗೆ ಬಂತು. ಹಾಗಾಗಿ ಅದಕ್ಕಿಂತ ಹಳೆಯ ಬಂದೂಕಿನಲ್ಲಿ ಇದು ಕಂಡರೆ, ಯಾರೋ ಆಮೇಲೆ ನಳಿಗೆಗೆ ತಿರುಪಿನ ಮರೆ ಕೊರೆದು ಕೂರಿಸಿದ್ದಾರೆ ಎಂದು ತಿಳಿಯಬೇಕು.

ಮೂರನ್ನೂ ಮತ್ತೊಮ್ಮೆ ಹೇಳುತ್ತೇನೆ. ತರಿತರಿ ಉಂಗುರ ತಿರುಗಿದರೆ ಪಾಲಿ ಚೋಕಿನ ಜಾತಿ. ಸೀಳು ಇದ್ದು, ಮುಂದೆ ನಂಬರಿನ ನಳಿಕೆ ಇದ್ದರೆ ಕಟ್ಸ್ ಜಾತಿ. ಹೊರಗೆ ನುಣುಪಾಗಿದ್ದು ಅಂಚಿನಲ್ಲಿ ಕಚ್ಚು ಇದ್ದರೆ ಒಳ ನಳಿಕೆ.

ಒಂದು ಎಚ್ಚರಿಕೆ. ಹಳೆಯ ಉಂಗುರ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಪೈಪ್ ಪಾನಾ ಹಾಕಿ ಬಲವಂತವಾಗಿ ತಿರುಗಿಸಬೇಡಿ. ಒಳಗಿನ ಬೆರಳುಗಳು ಸೀಳುತ್ತವೆ. ಸೀಳಿದ ಬಾಯಿಯ ಬಂದೂಕು ಪಕ್ಕದಲ್ಲಿ ನಿಂತವರಿಗೂ ಅಪಾಯ. ಸಡಿಲವಾಗಿ ಅಲುಗಾಡುವ ಚೋಕೂ ಅಷ್ಟೇ ಅಪಾಯ. ಪರವಾನಗಿ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ.

ನಿಜವಾದ ಚೋಕಿನ ಗುರುತು ತಿಳಿಯಿತು. ಮೂರನೆಯ ಮಾತು, ಚೋಕಿನಂತೆ ಕಂಡು ಚೋಕ್ ಅಲ್ಲದ್ದು.

ನಳಿಗೆಯ ನಡುವೆಯೋ ಬಾಯಿಗೆ ತುಸು ಹಿಂದೆಯೋ ಉಂಗುರದಂತೆ ಉಬ್ಬಿದ್ದರೆ ಅದು ಚೋಕ್ ಅಲ್ಲ. ಮಣ್ಣೋ ಬಟ್ಟೆಯ ಚೂರೋ ಸಿಕ್ಕಿಕೊಂಡಾಗ ಹಾರಿಸಿದ್ದರಿಂದ ಬಿದ್ದ ಉಬ್ಬು. ಅದರ ಮೇಲೆ ಅಕ್ಷರ ಇರುವುದಿಲ್ಲ, ಗೆರೆ ಇರುವುದಿಲ್ಲ, ಅದು ತಿರುಗುವುದೂ ಇಲ್ಲ. ಬೆಳಕಿನತ್ತ ಹಿಡಿದರೆ ಒಳಗೆ ಕಪ್ಪನೆಯ ನೆರಳಿನ ಬಳೆ ಕಾಣುತ್ತದೆ. ಅಂಥ ಬಂದೂಕನ್ನು ಹಾರಿಸಲೇಬಾರದು.

ಇನ್ನೊಂದು, ಬಾಯಿ ಕತ್ತರಿಸಿದ ನಳಿಗೆ. ಜೋಡಿ ನಳಿಗೆಯ ಬಂದೂಕಿನ ಬಾಯಿ ನೋಡಿ. ಕಾರ್ಖಾನೆಯಿಂದ ಬಂದದ್ದಾದರೆ ಎರಡು ನಳಿಗೆ ತುದಿಯಲ್ಲಿ ಒಂದಕ್ಕೊಂದು ತಾಗಿರುತ್ತವೆ, ಇಲ್ಲವೇ ಕೂದಲೆಳೆಯ ಅಂತರ ಇರುತ್ತದೆ. ನಡುವೆ ದೊಡ್ಡ ಸಂದು ಇದ್ದು, ಅದನ್ನು ಬೆಸುಗೆ ಹಾಕಿ ಮುಚ್ಚಿದ್ದರೆ ಯಾರೋ ತುದಿ ಕತ್ತರಿಸಿದ್ದಾರೆ. ಉದ್ದವನ್ನೂ ಅಳೆಯಿರಿ. ಹಳೆಯ ಬಂದೂಕಿನ ನಳಿಗೆ ಸಾಮಾನ್ಯವಾಗಿ ಇಪ್ಪತ್ತೆಂಟು ಅಥವಾ ಮೂವತ್ತು ಇಂಚು. ಇಪ್ಪತ್ತೈದೂಕಾಲು, ಇಪ್ಪತ್ತಾರೂಮುಕ್ಕಾಲು ಎಂಬಂಥ ಒಡೆದ ಲೆಕ್ಕ ಬಂದರೆ ಅನುಮಾನಪಡಿ. ತುದಿ ಹೋದರೆ ಚೋಕ್ ಹೋಯಿತು. ಚೋಕ್ ಇರುವುದೇ ಆ ಕೊನೆಯ ಕೆಲವು ಸೆಂಟಿಮೀಟರಿನಲ್ಲಿ.

ಈವರೆಗೆ ಕಣ್ಣು ಮತ್ತು ಬೆರಳಿನ ಕೆಲಸ ಆಯಿತು. ನಾಲ್ಕನೆಯದು ಅಕ್ಷರದ ಕೆಲಸ.

ಕೆತ್ತಿದ ಅಕ್ಷರದ ಬೆಲೆ ಮಸ್ಕಿಯವರಿಗೆ ಬೇರೆಯವರು ಹೇಳಬೇಕಿಲ್ಲ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಯಾರು ಎಂಬುದಕ್ಕೆ ಕಲ್ಲೇ ಸಾಕ್ಷಿ ನುಡಿಯಿತು. ಬಂದೂಕಿನ ಮೈಮೇಲೂ ಇಂಥ ಸಾಕ್ಷಿ ಇದೆ. ಇಂಗ್ಲೆಂಡಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆಗಳು ಪ್ರತಿ ನಳಿಗೆಯನ್ನೂ ಹೆಚ್ಚು ಮದ್ದು ತುಂಬಿ ಪರೀಕ್ಷಿಸಿ ಮುದ್ರೆ ಒತ್ತುತ್ತವೆ. ಮುದ್ರೆ ಇರುವುದು ನಳಿಗೆಯ ಬುಡದ ಅಡಿಯಲ್ಲಿ. ನಳಿಗೆ ಬಿಡಿಸಿದಾಗ ಮಾತ್ರ ಕಾಣುತ್ತದೆ.

ಏನೇನು ಕಾಣಬಹುದು? ನಾಟ್ ಫಾರ್ ಬಾಲ್ ಎಂದಿದ್ದರೆ, ಅದು 1875ರಿಂದ 1887ರ ನಡುವಿನ ಚೋಕ್ ನಳಿಗೆ. ಒಂಟಿ ಗುಂಡು ಹಾರಿಸಬೇಡಿ ಎಂಬ ಎಚ್ಚರಿಕೆ ಅದು. 1887ರಿಂದ ಮುಂದೆ ಚೋಕ್ ಎಂಬ ಅಕ್ಷರಗಳನ್ನೇ ಒತ್ತತೊಡಗಿದರು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ವಜ್ರದ ಆಕಾರದ ಚೌಕದೊಳಗೆ ಹನ್ನೆರಡು ಎಂಬ ಅಂಕಿ, ಅದರ ಜೊತೆ ಇಂಗ್ಲಿಷಿನ ಸಿ ಅಕ್ಷರ ಕಾಣುತ್ತದೆ. ಸಿ ಎಂದರೆ ಚೋಕ್ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದು ತೋಟಾ ಕೂರುವ ಚೇಂಬರಿನ ಗುರುತು. ಬಾಯಿಗೂ ಅದಕ್ಕೂ ಸಂಬಂಧವಿಲ್ಲ. ಆ ಗುರುತಿನ ಹಳೆಯ ಬಂದೂಕುಗಳಲ್ಲಿ ಎಷ್ಟೋ ಚೇಂಬರ್ ಎರಡೂವರೆ ಇಂಚಿನವು. ಈಗಿನ ಎರಡೂಮುಕ್ಕಾಲು ಇಂಚಿನ ತೋಟಾ ಅದಕ್ಕೆ ಹೊಂದುವುದಿಲ್ಲ.

ಇಟಲಿ ಮುಂತಾದ ದೇಶಗಳ ಬಂದೂಕಿನಲ್ಲಿ ಅಕ್ಷರದ ಬದಲು ನಕ್ಷತ್ರ ಇರುತ್ತದೆ. ಒಂದು ನಕ್ಷತ್ರ ಇದ್ದರೆ ಫುಲ್ ಚೋಕ್. ಮೂರು ಇದ್ದರೆ ಹಾಫ್. ನಕ್ಷತ್ರ ಹೆಚ್ಚಿದಂತೆ ಬಾಯಿ ಅಗಲ.

ಅಕ್ಷರವೂ ಆಯಿತು. ಐದನೆಯದು, ಕೊನೆಯ ಗುರುತು, ಅಳತೆ.

ಕೆಲವರು ಬಾಯಿಯಲ್ಲಿ ನಾಣ್ಯ ಇಟ್ಟು ನೋಡುತ್ತಾರೆ. ನಾಣ್ಯ ಇಳಿಯದಿದ್ದರೆ ಫುಲ್ ಚೋಕ್ ಎನ್ನುತ್ತಾರೆ. ಅದನ್ನು ನಂಬಬೇಡಿ. ಚೋಕ್ ಎಂದರೆ ಬಾಯಿಯ ಅಗಲವಲ್ಲ. ಒಳಗಿನ ಅಗಲಕ್ಕೂ ಬಾಯಿಯ ಅಗಲಕ್ಕೂ ಇರುವ ವ್ಯತ್ಯಾಸ. ಹನ್ನೆರಡು ಬೋರ್ ಎಂದೇ ಕರೆಯುವ ಹಳೆಯ ನಳಿಗೆಗಳ ಒಳ ಅಗಲದಲ್ಲೇ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ. ಬರ್ಮಿಂಗ್‌ಹ್ಯಾಮಿನವರು ಅದನ್ನೂ ಗುರುತು ಹಾಕಿದ್ದಾರೆ. ನಳಿಗೆಯ ಅಡಿಯಲ್ಲಿ 12 ಎಂದಿದ್ದರೆ ಒಳಗೆ ಹದಿನೆಂಟೂವರೆ ಮಿಲಿಮೀಟರ್. 13 ಎಂದಿದ್ದರೆ ಹದಿನೆಂಟು. ಎರಡು ಬಂದೂಕಿನ ಬಾಯಿ ಒಂದೇ ಹದಿನೆಂಟು ಎನ್ನೋಣ. ಮೊದಲನೆಯದು ಹಾಫ್ ಚೋಕ್ ಆಯಿತು. ಎರಡನೆಯದು ಬರೀ ಸಿಲಿಂಡರ್. ನಾಣ್ಯ ಈ ಭೇದ ಹೇಳಲಾರದು. ಒಳ ಅಳತೆಯ ಸಾಧನ ಇರುವ ರಿಪೇರಿಯವರೇ ಅಳೆಯಬೇಕು.

ಎಣಿಕೆ, ಬಾಯಿಯ ಬಗೆ, ಹುಸಿ ಗುರುತು, ಅಕ್ಷರ, ಅಳತೆ. ಈ ಐದನ್ನು ನೋಡಿದೆವು. ಇನ್ನು ಉಳಿದದ್ದು ಕಾನೂನು. ಇದನ್ನು ಕಿವಿಗೊಟ್ಟು ಕೇಳಿ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯ ವಿನಾಯಿತಿ ಇದೆ. ನಮಗೆ ಇಲ್ಲ. ನಮಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪೂರ್ತಿ ಅನ್ವಯಿಸುತ್ತದೆ. ಅದರ 6ನೆಯ ಕಲಮು, ಪರವಾನಗಿ ಇಲ್ಲದೆ ಬಂದೂಕಿನ ನಳಿಗೆ ಮೊಟಕು ಮಾಡಬಾರದು ಎನ್ನುತ್ತದೆ. ಪಾಲಿ ಚೋಕ್ ಕೂರಿಸಲು ಸಾಮಾನ್ಯವಾಗಿ ನಳಿಗೆಯ ತುದಿ ಕತ್ತರಿಸಬೇಕಾಗುತ್ತದೆ. ಆದ್ದರಿಂದ ಊರಿನ ಕಮ್ಮಾರರ ಹತ್ತಿರವೋ ವೆಲ್ಡಿಂಗ್ ಅಂಗಡಿಯಲ್ಲೋ ಇಂಥ ಕೆಲಸ ಮಾಡಿಸಿದರೆ ಅದು ಅಪರಾಧ. 8ನೆಯ ಕಲಮು ಬಂದೂಕಿನ ಮೇಲಿನ ಹೆಸರು, ನಂಬರು, ಮುದ್ರೆ ಅಳಿಸುವುದನ್ನು ನಿಷೇಧಿಸುತ್ತದೆ. ತುಕ್ಕು ತೆಗೆಯಲೆಂದು ಮುದ್ರೆಯ ಮೇಲೆ ಅರ ಹಾಕಬೇಡಿ, ಉಪ್ಪುಕಾಗದ ಉಜ್ಜಬೇಡಿ. ಎಣ್ಣೆ ಬಟ್ಟೆ ಸಾಕು.

ಮತ್ತೂ ಒಂದು. ಬಂದೂಕಿನ ಪರವಾನಗಿ ಎಂದರೆ ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ನಮ್ಮ ಹೊಲಗಳಲ್ಲಿ ಓಡಾಡುವ ಚಿಗರಿಯನ್ನು ಕಾಪಾಡುತ್ತದೆ. ಹಂದಿ ಕಾಟ ಇದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಪರವಾನಗಿದಾರರು ತೀರಿಕೊಂಡರೆ ಬಂದೂಕು ಮನೆಯಲ್ಲಿ ಉಳಿಯುವಂತಿಲ್ಲ. ತಡ ಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಅಂಗಡಿಯಲ್ಲಿ ಇಡಬೇಕು. ಆಮೇಲೆ ವಾರಸುದಾರರು ಪರವಾನಗಿಗೆ ಅರ್ಜಿ ಹಾಕಬಹುದು. ಪರವಾನಗಿದಾರರಿಗೆ ಎಪ್ಪತ್ತು ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವರ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮನೆಯಲ್ಲಿ ನಿಜಾಮರ ಕಾಲದ ಉರ್ದು ಕಾಗದ ಇದ್ದರೆ ಎಸೆಯಬೇಡಿ. ಅದರಲ್ಲಿ ಫಸಲಿ ವರ್ಷ ಇದ್ದರೆ 590 ಕೂಡಿಸಿ. ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಫಸಲಿ 1357 ಎಂದರೆ 1947-48.

ಕೇಳುಗರೇ, ಕೊನೆಯದಾಗಿ ನನ್ನ ಕೋರಿಕೆ ಒಂದೇ. ನಿಮ್ಮ ಹೆಸರಿನಲ್ಲಿ ಹಳೆಯ ಬಂದೂಕು ಇದ್ದರೆ ಅದರ ವಿವರವನ್ನು ಒಂದು ಹಾಳೆಯಲ್ಲಿ ಬರೆದಿಡಿ. ನಂಬರು, ತಯಾರಕರ ಹೆಸರು, ನಳಿಗೆಯ ಉದ್ದ, ಅಡಿಯಲ್ಲಿರುವ ಮುದ್ರೆಗಳು. ಬಾಯಿ ಸ್ಥಿರವೋ ಬದಲಿಸುವಂಥದ್ದೋ, ಉಬ್ಬು ಇದೆಯೋ, ಕತ್ತರಿಸಿದ ಗುರುತು ಇದೆಯೋ. ಆ ಹಾಳೆಯನ್ನು ಪರವಾನಗಿ ಪುಸ್ತಕದ ಜೊತೆಗೇ ಇಡಿ. ರಿಪೇರಿಗೆ ಕೊಟ್ಟಾಗ ಭಾಗ ಬದಲಾದರೆ ಅದರಿಂದ ಗೊತ್ತಾಗುತ್ತದೆ. ಮಾರುವಾಗ ಮೋಸ ಹೋಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಾಳೆ ಆ ಬಂದೂಕಿಗೆ ಹಕ್ಕುದಾರರಾಗುವ ಮಗನೋ ಮಗಳೋ ಅದನ್ನು ಕೈಗೆತ್ತಿಕೊಳ್ಳುವ ಮೊದಲೇ, ಅದು ಹಾರಿಸಬಹುದಾದ ಬಂದೂಕೋ ಅಲ್ಲವೋ ಎಂದು ಅವರಿಗೆ ತಿಳಿದಿರುತ್ತದೆ. ಬಾಯಿ ಓದದೆ ಹಳೆಯ ಬಂದೂಕಿಗೆ ತೋಟಾ ಹಾಕಬೇಡಿ.